ಹುಲ್ಲು ಹೊದ್ದ ಬಾಳೆ

ಸೆಪ್ಟೆಂಬರ್ 18

ಮಗಳೇ,

ನೀನು ಇಲ್ಲಿ ಬಿಟ್ಟುಹೋದ ಎರಡು ಬಾಳೆಗಿಡಗಳ ವಿಷಯಕ್ಕೆ ಬರೆಯುತ್ತಿದ್ದೇನೆ. ಬೇರೆ ಯಾವ ವಿಷಯಕ್ಕೂ ಅಲ್ಲ, ಗಾಬರಿಯಾಗಬೇಡ. ನೀನೂ ನನ್ನ ಮಗನೂ ಬೇರೆಯಾದದ್ದು ನಿಮ್ಮಿಬ್ಬರ ಮಾತು. ಕೋರ್ಟಿನಲ್ಲಿ ಸಹಿ ಬಿದ್ದ ಮೇಲೆ ಅದರಲ್ಲಿ ಮೂಗು ತೂರಿಸುವವನು ನಾನಲ್ಲ. ಆದರೆ ಗಿಡಗಳು ಯಾವುದಕ್ಕೂ ಸಹಿ ಹಾಕಿಲ್ಲ ನೋಡು.

ಹೋದ ವರ್ಷದ ಕೊನೆಯಲ್ಲಿ ನೀನು ಅವನ್ನು ಸಂತೆಯಿಂದ ಕುಂಡದಲ್ಲಿ ತಂದಾಗ ನನ್ನ ಮೊಣಕಾಲಿಗೂ ಬರುತ್ತಿರಲಿಲ್ಲ. ಚಳಿಗಾಲವೆಲ್ಲ ಅಡುಗೆಮನೆಯ ಕಿಟಕಿಯಲ್ಲಿದ್ದವು. ಹೊರಡುವ ಮುಂಚಿನ ವಾರ ಬೇಕರಿಯ ಹಿಂದಿನ ಗೋಡೆಗೆ ಒತ್ತಿ ನೆಟ್ಟುಹೋದೆ. ಈಗ ಗೋಡೆ ದಾಟಿ ನಿಂತಿವೆ. ಒಲೆ ಆರಿಸಿ ಬೇಕರಿ ಮುಚ್ಚಿ ಇಷ್ಟು ಕಾಲವಾದ ಮೇಲೆ ಜನ ಮತ್ತೆ ನಮ್ಮ ಗೇಟಿನ ಹತ್ತಿರ ನಿಲ್ಲುತ್ತಿದ್ದಾರೆ. ಮೊದಲು ಬ್ರೆಡ್ಡಿಗೆ, ಈಗ ಎಲೆ ನೋಡಲಿಕ್ಕೆ. ಪಕ್ಕದ ಮನೆಯ ಹೊಲಿಗೆಯಾಕೆ, "ನಿಮ್ಮ ಬಾಳೆ ನಮ್ಮ ಬಿಸಿಲೆಲ್ಲ ತಿಂತಿದೆ" ಎಂದು ದೂರುತ್ತಲೇ ದಿನವೂ ಬಂದು ಎಲೆ ಸವರಿ ಹೋಗುತ್ತಾಳೆ. ಒಂದು ಗಿಡ ದಪ್ಪ, ಒಂದು ಸಣ್ಣ. ದಪ್ಪಗಿರುವುದಕ್ಕೆ ದಪ್ಪಣ್ಣ, ಸಣ್ಣಗಿರುವುದಕ್ಕೆ ಸಣ್ಣಕ್ಕ ಎಂದು ಹೆಸರಿಟ್ಟಿದ್ದೇನೆ. ಕೆಲಸವಿಲ್ಲದ ಬೇಕರಿಯವನು ಇನ್ನೇನು ಮಾಡಿಯಾನು.

ಬೆಳಿಗ್ಗೆ ಬಾಯಿಂದ ಹೊಗೆ ಬರಲು ಶುರುವಾಗಿದೆ. ಇವು ಈ ಚಳಿಯನ್ನು ತಡೆಯುತ್ತವೆಯೇ? ನಿನ್ನ ಗಂಡ, ಅಂದರೆ ನನ್ನ ಮಗ, "ಬಾಳೆ ಕಣಪ್ಪಾ, ಹೇಗೂ ಸಾಯತ್ತೆ. ಕಡಿದು ಹಾಕೋಣ" ಎಂದ. ಹೇಳಿ ತಿಂಗಳಾಯಿತು. ಬಸ್ಸು ಓಡಿಸಿ ಮನೆಗೆ ಬಂದವನು ಹಿತ್ತಲಿಗೆ ಹೋಗಿ ನಿಲ್ಲುತ್ತಾನೆ. ಕತ್ತಿಯನ್ನಂತೂ ಇನ್ನೂ ಮುಟ್ಟಿಲ್ಲ.

ಪುರಸೊತ್ತಾದಾಗ ನಾಲ್ಕು ಸಾಲು ಬರೆ.

ಇತಿ,
ನಿನ್ನ ಮಾವ


ಸೆಪ್ಟೆಂಬರ್ 29

ಮಾವ,

ನಿಮ್ಮ ಕಾಗದವನ್ನು ಕೆಲಸದ ಮಧ್ಯೆ ಓದಿದೆ. ಕನ್ನಡಕದ ಗಾಜು ಉಜ್ಜುವಾಗ ನಗಬಾರದು, ಕೈ ಅಲುಗುತ್ತದೆ. ದಪ್ಪಣ್ಣನಿಂದಾಗಿ ಯಾರದೋ ಗಾಜು ಹಾಳಾಯಿತು.

ಇಲ್ಲಿ ನನಗೆ ಎಲ್ಲ ಒಗ್ಗಿದೆ. ಕೋಣೆ ನಾಲ್ಕನೆಯ ಮಹಡಿಯಲ್ಲಿದೆ. ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟರೆ ಮೂರನೆಯದಕ್ಕೆ ನಾನು ಒಳಗೆ ಬರಬೇಕು, ಅಷ್ಟೇ ಜಾಗ.

ಈಗ ಬಾಳೆಯ ಮಾತು. ಮಾರಿದವನು ಎರಡೂ ನಾರುಬಾಳೆ ಎಂದಿದ್ದ. ನಾರುಬಾಳೆಯ ಹಣ್ಣು ತಿನ್ನಲಿಕ್ಕಾಗದು, ಬರೀ ಬೀಜ. ಆದರೆ ಚಳಿಗೆ ಅದರಷ್ಟು ಗಟ್ಟಿ ಬಾಳೆ ಬೇರೆಯಿಲ್ಲ. ಮೇಲೆ ಸತ್ತರೂ ನೆಲದೊಳಗಿನ ಗೆಡ್ಡೆ ಉಳಿದಿದ್ದರೆ ಮತ್ತೆ ಏಳುತ್ತದೆ. ಆದರೆ ಒಂದು ದಪ್ಪ, ಒಂದು ಸಣ್ಣ ಎಂದು ನೀವು ಬರೆದದ್ದು ನೋಡಿ ನನಗೆ ಅನುಮಾನ ಹುಟ್ಟಿದೆ. ಸ್ವಲ್ಪ ಬಗ್ಗಿ ನೋಡಿ ತಿಳಿಸುತ್ತೀರಾ? ಬುಡದ ಸುತ್ತ ಕಂದು, ಅಂದರೆ ಮರಿಗಿಡ, ಎದ್ದಿದೆಯೇ? ಎಲೆಯ ನಡುವಿನ ದಂಟು ಯಾವ ಬಣ್ಣ? ಕಾಂಡ ಬುಡದಿಂದ ತುದಿಯವರೆಗೆ ಒಂದೇ ಸಮ ಇದೆಯೇ, ಬುಡ ಮಾತ್ರ ಊದಿಕೊಂಡಿದೆಯೇ?

ಬಗ್ಗಿ ಎಂದೆ. ಆದರೆ ಬೆನ್ನಿನ ಪಟ್ಟಿ ಕಟ್ಟಿಕೊಳ್ಳದೆ ಬಗ್ಗಬೇಡಿ. ಆ ಪಟ್ಟಿ ಕಪಾಟಿನ ಕೆಳಗಿನ ಖಾನೆಯಲ್ಲಿ, ಟವೆಲುಗಳ ಹಿಂದೆ ಇದೆ. ನೀವು ಅದನ್ನು ಅಲ್ಲಿ ಬಚ್ಚಿಟ್ಟದ್ದು ನನಗೆ ಗೊತ್ತಿತ್ತು.

ನಿಮ್ಮ
ಸೊಸೆ


ಅಕ್ಟೋಬರ್ 9

ಮಗಳೇ,

ಪಟ್ಟಿ ಸಿಕ್ಕಿತು. ನಿನ್ನ ಕಾಗದವನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದ್ದು ನನ್ನ ತಪ್ಪೇ. ನಾನು ಪಟ್ಟಿ ಕಟ್ಟಿಕೊಳ್ಳುವವರೆಗೂ ಇವನು ಹಿತ್ತಲ ಬಾಗಿಲು ತೆಗೆಯಲು ಬಿಡಲಿಲ್ಲ.

ದಪ್ಪಣ್ಣನ ಬುಡ ಹಿಟ್ಟಿನ ಮೂಟೆಯ ಹಾಗಿದೆ. ಎಲೆಗಳು ನೆಲದ ಹತ್ತಿರದಿಂದಲೇ ಏಳುತ್ತವೆ, ಮುಖ ಮೇಲೆತ್ತಿ ಜಂಬದಿಂದ ನಿಂತಿವೆ. ನಡುದಂಟು ಕೆಂಪು, ಹಿಂಬದಿಯಲ್ಲಿ ಇನ್ನೂ ಕೆಂಪು. ಕಂದು ಒಂದೂ ಇಲ್ಲ. ಸಣ್ಣಕ್ಕನದು ಬೇರೆಯೇ ಧಾಟಿ. ಮೈಯೆಲ್ಲ ಹಸಿರು, ಕಾಂಡ ನೀಳ, ಎಲೆ ತೆಳು. ಗಾಳಿ ಬೀಸಿದರೆ ರಿಬ್ಬನ್ನಿನಂತೆ ಸೀಳುತ್ತದೆ. ಬುಡದಲ್ಲಿ ಆಗಲೇ ಮಕ್ಕಳು ಮರಿ ಎದ್ದು ಸಂಸಾರ ಹೂಡಿದ್ದಾಳೆ.

ಹಾಗೆಂದು ಎರಡೂ ಬೇರೆ ಬೇರೆ ಎನ್ನಬೇಡ. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡದ್ದು. ಒಂದೇ ಒಲೆಯಲ್ಲಿ ಬೆಂದ ಬನ್ನುಗಳೂ ಒಂದೊಂದು ಒಂದೊಂದು ಥರ ಉಬ್ಬುತ್ತವೆ. ದಪ್ಪಣ್ಣ ಗೋಡೆಯ ಮೂಲೆಯಲ್ಲಿದ್ದಾನೆ, ಬೆಚ್ಚಗೆ ತಿಂದುಂಡು ಬೆಳೆದಿದ್ದಾನೆ ಎಂದು ನನ್ನ ಲೆಕ್ಕ. ಎರಡಕ್ಕೂ ಒಂದೇ ಮದ್ದು ಹೇಳು.

ಇತಿ,
ಮಾವ


ಅಕ್ಟೋಬರ್ 17

ಮಾವ,

ಎರಡೂ ಬೇರೆ ಬೇರೆಯೇ. ಬೇಜಾರು ಮಾಡಿಕೊಳ್ಳಬೇಡಿ.

ಸಣ್ಣಕ್ಕ ನಿಜವಾದ ನಾರುಬಾಳೆ. ದಪ್ಪಣ್ಣ ಬಾಳೆಯ ದಾಯಾದಿ. ನೋಡಲು ಬಾಳೆ, ಆದರೆ ಕುಲ ಬೇರೆ. ಅದು ಕಂದು ಹಾಕುವುದಿಲ್ಲ. ಹಾಗಾಗಿ ಚಳಿಗೆ ಸತ್ತರೆ ಅಲ್ಲಿಗೆ ಮುಗಿಯಿತು, ಹಿಂದೆ ಯಾರೂ ಉಳಿಯುವುದಿಲ್ಲ. ಅದನ್ನು ಹೊರಗೆ ಬಿಡುವಂತಿಲ್ಲ. ನೆಲ ಹೆಪ್ಪುಗಟ್ಟುವ ಮೊದಲು ಅಗೆದು ತೆಗೆಯಿರಿ. ಸುಳಿಯ ಎಲೆಯೊಂದನ್ನು ಬಿಟ್ಟು ಉಳಿದದ್ದು ಕತ್ತರಿಸಿ. ಬೇರಿನ ಮಣ್ಣು ಕೊಡವಿ, ಕಾಂಡದ ಪಟ್ಟೆಗಳಲ್ಲಿ ನಿಂತ ನೀರೆಲ್ಲ ಇಳಿಯುವತನಕ ತಲೆಕೆಳಗಾಗಿ ತೂಗುಹಾಕಿ. ಆಮೇಲೆ ನೆಲಮಾಳಿಗೆಯಲ್ಲಿ, ನೀವು ಹಿಟ್ಟಿನ ಮೂಟೆ ಇಡುತ್ತಿದ್ದ ಮೂಲೆಯಲ್ಲಿ ನಿಲ್ಲಿಸಿ. ಒಂದು ಹನಿ ನೀರೂ ಬೇಡ.

ಸಣ್ಣಕ್ಕ ಅಲ್ಲೇ ಇರಲಿ. ಮೊದಲ ಹಿಮಕ್ಕೆ ಎಲೆಗಳು ಕಪ್ಪಾಗುತ್ತವೆ, ನೋಡಿ ಹೆದರಬೇಡಿ. ಆಗ ಎಲೆ ಮಾತ್ರ ತೆಗೆದು ಕಾಂಡ ಬಿಡಬೇಕು. ಸುತ್ತ ತಂತಿಬಲೆ ನಿಲ್ಲಿಸಿ, ಒಳಗೆ ಒಣಹುಲ್ಲು ತುಂಬಿ. ಮೇಲೆ ನೀರು ಇಳಿಯದಂಥ ಮುಚ್ಚಿಗೆ ಹಾಕಿ. ಪಕ್ಕಕ್ಕೆ ಪ್ಲಾಸ್ಟಿಕ್ ಸುತ್ತಲೇಬೇಡಿ, ಬೆವರಿ ಕೊಳೆಯುತ್ತದೆ. ಇದಕ್ಕೆ ಚಳಿಗಿಂತ ತೇವದ ಭಯ ಹೆಚ್ಚು.

ಇದನ್ನೆಲ್ಲ ಒಬ್ಬರೇ ಮಾಡಲು ಹೋಗಬೇಡಿ. ಅವರನ್ನು ಕರೆಯಿರಿ. ಅವರು ಬೇಡ ಎನ್ನುವವರಲ್ಲ. ಕೇಳುವತನಕ ಸುಮ್ಮನಿರುತ್ತಾರೆ, ಅಷ್ಟೆ.

ನಿಮ್ಮ
ಸೊಸೆ


ನವೆಂಬರ್ 11

ಮಗಳೇ,

ಈ ಅಕ್ಷರ ನನ್ನದಲ್ಲ. ನಾನು ಹೇಳುತ್ತಿದ್ದೇನೆ, ಇವನು ಬರೆಯುತ್ತಿದ್ದಾನೆ. ನನ್ನ ಬಲಗೈ ಪ್ಲಾಸ್ಟರಿನಲ್ಲಿದೆ. ಹೇಗಾಯಿತೆಂದರೆ, ಹಿತ್ತಲ ಮೆಟ್ಟಿಲ ಮೇಲೆ ಹಿಮ ಬಿದ್ದದ್ದು ನನಗೆ ಕಾಣಲಿಲ್ಲ.

(ಕಂಡಿತ್ತು. ಒಬ್ಬರೇ ಗುದ್ದಲಿ ಹಿಡಿದು ಹೊರಟಿದ್ದರು. ಇದು ನಾನು ಸೇರಿಸಿದ್ದು.)

ನೀನು ಹೇಳಿದ ಹಾಗೆ ಇವನನ್ನು ಕರೆಯೋಣವೆಂದೇ ಇದ್ದೆ. ಇವನಿಗೆ ಎರಡು ಪಾಳಿ ಕೆಲಸ. ರಜೆ ಬರಲಿ ಎಂದು ಕಾದೆ, ಹಿಮ ಕಾಯಲಿಲ್ಲ. ಈಗ ದಪ್ಪಣ್ಣ ನೆಲಮಾಳಿಗೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಆಸ್ಪತ್ರೆಯಿಂದ ನನ್ನನ್ನು ಕರೆತಂದ ಮಧ್ಯಾಹ್ನವೇ ಇವನು ಬಟ್ಟೆಯನ್ನೂ ಬದಲಿಸದೆ ಅಗೆಯಲು ನಿಂತ. ಬಾಳೆಯ ಸೊನೆ ಬಸ್ಸಿನ ಸಮವಸ್ತ್ರಕ್ಕೆಲ್ಲ ಹತ್ತಿದೆ. ಆ ಕಲೆ ಹೋಗುವಂಥದ್ದಲ್ಲ. ಸಣ್ಣಕ್ಕನ ಎಲೆಗಳು ಸುಟ್ಟ ಕಾಗದದ ಹಾಗಾಗಿವೆ. ನೀನು ಮೊದಲೇ ಹೇಳಿರದಿದ್ದರೆ ಸತ್ತೇಹೋದಳು ಎಂದುಕೊಳ್ಳುತ್ತಿದ್ದೆ. ಬಲೆ ಕಟ್ಟಿ ಆಗಿದೆ. ಹುಲ್ಲನ್ನು ಕುದುರೆ ಲಾಯದಿಂದ ತಂದೆವು. ನನ್ನ ಹಳೆಯ ಹಿಟ್ಟಿನ ಗೋಣಿಗಳನ್ನೂ ಹೊದಿಸಿದ್ದೇವೆ. ಊರಿನಲ್ಲಿ ಇಷ್ಟು ಬೆಚ್ಚಗೆ ಇರುವವರು ಯಾರೂ ಇಲ್ಲ.

ಇತಿ, ಮಾವ. (ಹೀಗೆಂದೇ ಬರೆ ಅಂದರು.)

ಇಲ್ಲಿಂದ ಮುಂದಿನದು ನನ್ನದು. ಅಪ್ಪ ಕುರ್ಚಿಯಲ್ಲೇ ನಿದ್ದೆಹೋದರು. ಡಾಕ್ಟರು ಮೂಳೆ ಸರಿಯಾಗಿ ಕೂತಿದೆ ಎಂದಿದ್ದಾರೆ, ನೀನು ಚಿಂತೆ ಮಾಡುವಂಥದ್ದೇನಿಲ್ಲ. ಸಣ್ಣಕ್ಕನ ಮುಚ್ಚಿಗೆಗೆ ಏನು ಹಾಕಬೇಕೆಂದು ತಿಳಿಯಲಿಲ್ಲ. ಈಗ ಬ್ರೆಡ್ ಸುಡುವ ದೊಡ್ಡ ತಟ್ಟೆಯನ್ನು ಬೋರಲು ಹಾಕಿದ್ದೇನೆ. ಗಾಳಿ ಆಡಲಿಕ್ಕೆ ಕೆಳಗೆ ಸಂದು ಬಿಡಬೇಕೇ?

ಕಂದುಗಳನ್ನೂ ಹುಲ್ಲಿನ ಒಳಗೇ ಸೇರಿಸಿದೆ. ಸರಿ ತಾನೆ.


ನವೆಂಬರ್ 20

ನಿಮಗೆ,

ತಟ್ಟೆ ಬಹಳ ಒಳ್ಳೆಯ ಉಪಾಯ. ಕೆಳಗೆ ಬೆರಳು ತೂರುವಷ್ಟು ಸಂದು ಬಿಡಿ, ಗಾಳಿಗೆ ಹಾರದಂತೆ ಕಲ್ಲು ಹೇರಿ. ಕಂದುಗಳನ್ನು ಒಳಗೆ ಸೇರಿಸಿದ್ದೂ ಸರಿ. ಹುಲ್ಲಿನೊಳಗೆ ಆಗಾಗ ಕೈ ಹಾಕಿ ನೋಡಿ. ಒದ್ದೆ ಅನಿಸಿದರೆ ಆ ಭಾಗದ ಹುಲ್ಲು ತೆಗೆದು ಬೇರೆ ತುಂಬಿ. ದಪ್ಪಣ್ಣನ ಹೊರಪಟ್ಟೆ ಎಲ್ಲಾದರೂ ಮೆತ್ತಗಾದರೆ ಸುಲಿದುಬಿಡಿ, ಒಳಗಿನದು ಗಟ್ಟಿಯಿದ್ದರೆ ಸಾಕು.

ಸೊನೆಯ ಕಲೆಗೆ ಸೀಮೆಎಣ್ಣೆ ಹಚ್ಚಿ ನೋಡಿ. ಪೂರ್ತಿ ಹೋಗುವುದಿಲ್ಲ, ತಿಳಿಯಾಗುತ್ತದೆ.

ಮಾವ ಒಂಟಿಯಾಗಿ ಮೆಟ್ಟಿಲು ಇಳಿಯದ ಹಾಗೆ ನೋಡಿಕೊಳ್ಳಿ. ನೋಡಿಕೊಳ್ಳುತ್ತಿದ್ದೀರಿ ಎಂದು ಗೊತ್ತು.

ಇಷ್ಟು.


ಜನವರಿ 22

ಮಗಳೇ,

ಪ್ಲಾಸ್ಟರು ಬಿಚ್ಚಿದರು. ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸಿಕೋ.

ಈ ಸಲದ ಹಿಮ ಗೇಟನ್ನೇ ಮುಚ್ಚಿತ್ತು. ಸಣ್ಣಕ್ಕನ ಗೂಡು ಬಿಳಿ ಟೋಪಿ ಹಾಕಿಕೊಂಡ ಪೊಲೀಸಿನವನಂತೆ ನಿಂತಿದೆ. ದಪ್ಪಣ್ಣನ ಒಂದು ಪಟ್ಟೆ ಮೆತ್ತಗಾಗಿತ್ತು. ಇವನು ಈರುಳ್ಳಿ ಸುಲಿದ ಹಾಗೆ ಸುಲಿದು, ಮೂಗಿನ ಹತ್ತಿರ ಹಿಡಿದು, "ವಾಸನೆ ಇಲ್ಲ, ಪರವಾಗಿಲ್ಲ" ಎಂದ.

ಇವನ ವಿಷಯ ಒಂದೆರಡು ಮಾತು. ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ಸಂಜೆ ಬಂದವನು ಮೊದಲು ಹುಲ್ಲಿನೊಳಗೆ ಕೈ ತೂರಿಸಿ ನೋಡುತ್ತಾನೆ. ಆಮೇಲೆ ಒಳಗೆ ಬಂದು ಅಡುಗೆ ಮಾಡುತ್ತಾನೆ. ಉಪ್ಪು ಹಾಕಲು ಕಲಿತಿದ್ದಾನೆ, ನಿಲ್ಲಿಸಲು ಇನ್ನೂ ಕಲಿತಿಲ್ಲ. ಊಟದ ಹೊತ್ತಿಗೆ ನಾನು ನಿನ್ನ ಹಳೆಯ ಕಾಗದಗಳನ್ನೇ ಮತ್ತೆ ಓದುತ್ತೇನೆ. ಓದಿ ಮುಗಿಯುವವರೆಗೂ ಅವನು ಮೇಜು ಬಿಟ್ಟು ಏಳುವುದಿಲ್ಲ.

ಮೇ ತಿಂಗಳ ಹೊತ್ತಿಗೆ ಇಲ್ಲಿ ಚೆನ್ನಾಗಿರುತ್ತದೆ. ಒಮ್ಮೆ ಬಂದು ನೋಡಿ ಹೋಗು. ಗಿಡಗಳನ್ನು ಎಂದೆ. ನಿನ್ನ ಕೋಣೆಯಲ್ಲಿ ಏನನ್ನೂ ಕದಲಿಸಿಲ್ಲ.

ಇತಿ,
ಮಾವ


ಫೆಬ್ರವರಿ 6

ಮಾವ,

ಬಂದು ನೋಡು ಎಂದಿರಿ. ಅದಕ್ಕೆ ಉತ್ತರ ಹೇಳುವ ಮೊದಲು ನಿಮಗೊಂದು ವಿಷಯ ತಿಳಿದಿರಬೇಕು. ಬೇರೆ ಯಾರ ಬಾಯಿಂದಲೋ ಅದು ನಿಮ್ಮ ಕಿವಿಗೆ ಬೀಳುವುದು ನನಗಿಷ್ಟವಿಲ್ಲ.

ನಾನು ಮತ್ತೆ ಮದುವೆಯಾಗುತ್ತಿದ್ದೇನೆ. ಅವರು ಲಿಫ್ಟ್ ರಿಪೇರಿ ಮಾಡುವವರು. ಬೇಸಿಗೆಯಲ್ಲಿ ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ನಿಂತಾಗ ಒಳಗೆ ನಾನಿದ್ದೆ, ಹೊರಗೆ ಅವರು. ಹೆದರಬೇಡಿ ಎಂದು ಒಂದು ಸಲವೂ ಅನ್ನಲಿಲ್ಲ. "ಈಗ ಈ ಬೋಲ್ಟು ಬಿಚ್ಚುತಾ ಇದೀನಿ, ಟಕ್ ಅಂತ ಸದ್ದು ಬರತ್ತೆ. ಈಗ ಮೇಲಿನ ಬಾಗಿಲಿಗೆ ಹೋಗ್ತೀನಿ, ಸ್ವಲ್ಪ ಹೊತ್ತು ನನ್ನ ದನಿ ಕೇಳಿಸಲ್ಲ" ಎಂದು ಮಾಡುವುದನ್ನೆಲ್ಲ ಹೇಳುತ್ತಲೇ ಇದ್ದರು. ಜೊತೆಗಿರುವವರು ಮಾತಾಡುತ್ತಿದ್ದರೆ ಹೇಗಿರುತ್ತದೆ ಎಂದು ಆ ಕತ್ತಲೆಯಲ್ಲಿ ನಿಂತಾಗ ತಿಳಿಯಿತು.

ಮೇ ತಿಂಗಳ ಮೂರನೆಯ ವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ. ಅವರ ಕಡೆ ತಾಯಿ, ಅಣ್ಣ, ಅತ್ತಿಗೆ ಎಲ್ಲ ಇದ್ದಾರೆ. ನನ್ನ ಕಡೆಯಿಂದ ಸಾಕ್ಷಿಗೆ ಒಬ್ಬ ಹಿರಿಯರು ಬೇಕು. ನಮ್ಮ ಕನ್ನಡಕದ ಅಂಗಡಿಯ ಯಜಮಾನರು ತಾವೇ ಬರುತ್ತೇನೆ ಎಂದರು. ನಾನು ತಡೆಯಿರಿ ಎಂದೆ. ನನ್ನನ್ನು ಸಾಕಿದ ದೊಡ್ಡಮ್ಮ ಹೋದ ದಿನ ನನ್ನ ಪಕ್ಕದಲ್ಲಿ ನಿಂತವರು ನೀವು. ಬೇರೆ ಯಾರನ್ನೂ ಅಲ್ಲಿ ನಿಲ್ಲಿಸಲು ನನಗೆ ಮನಸ್ಸು ಬರುತ್ತಿಲ್ಲ.

ಕೇಳಬಾರದ್ದನ್ನು ಕೇಳುತ್ತಿದ್ದೇನೆಂದು ಗೊತ್ತು ಮಾವ. ನಿಮ್ಮ ಮಗನ ಮುಖ ನೋಡಿಕೊಂಡು ನೀವು ಬದುಕಬೇಕು. ಆಗುವುದಿಲ್ಲವೆಂದರೆ ಕಾರಣ ಬರೆಯುವ ಅಗತ್ಯವಿಲ್ಲ.

ನಿಮ್ಮ
ಸೊಸೆ

ಈ ಕಾಗದವನ್ನು ಮೇಜಿನಲ್ಲಿ ಓದಬೇಡಿ.


ಮಾರ್ಚ್ 30

ಮಾವ,

ನಿಮ್ಮಿಂದ ಕಾಗದವಿಲ್ಲ. ಕೈ ನೋಯುತ್ತಿರಬಹುದು ಎಂದುಕೊಂಡಿದ್ದೇನೆ.

ಹಿಮ ಬೀಳುವುದು ಅಪರೂಪವಾದ ಮೇಲೆ ಸಣ್ಣಕ್ಕನ ಹುಲ್ಲನ್ನು ಮೇಲಿನಿಂದ ಸ್ವಲ್ಪಸ್ವಲ್ಪವೇ ತೆಗೆಯಿರಿ, ಒಮ್ಮೆಲೇ ಬೇಡ. ಮತ್ತೆ ಚಳಿ ತಿರುಗಿದರೆ ಹೊದಿಸಲು ಗೋಣಿ ಹತ್ತಿರವೇ ಇರಲಿ. ತುದಿ ಕೊಳೆತಿದ್ದರೆ ಬಿಳಿ ಕಾಣುವವರೆಗೆ ತೆಳ್ಳಗೆ ಕೊಯ್ಯುತ್ತ ಬನ್ನಿ.

ನಿಮ್ಮ ಆರೋಗ್ಯ ಹೇಗಿದೆ ಎಂದಷ್ಟಾದರೂ ತಿಳಿಸಿ.

ನಿಮ್ಮ
ಸೊಸೆ


ಏಪ್ರಿಲ್ 24

ಮಗಳೇ,

ಕೈ ಚೆನ್ನಾಗಿದೆ. ಬರೆಯಲಾಗದ್ದಕ್ಕೆ ಕಾರಣ ಕೈಯಲ್ಲ.

ನಿನ್ನ ಫೆಬ್ರವರಿಯ ಕಾಗದವನ್ನು ಮೇಜಿನಲ್ಲಿ ಓದಲಿಲ್ಲ, ಜೇಬಿನಲ್ಲಿಟ್ಟುಕೊಂಡೆ. ನನಗೊಂದು ಆಸೆಯಿತ್ತು. ಅದು ನಿನಗೂ ಗೊತ್ತಾಗಿತ್ತು, ಅದಕ್ಕೇ ಅಷ್ಟು ಮೆತ್ತಗೆ ಬರೆದೆ. ಓದಿದ ದಿನ ನಾನು ನೆಲಮಾಳಿಗೆಗೆ ಇಳಿದು ಬಹಳ ಹೊತ್ತು ದಪ್ಪಣ್ಣನ ಎದುರು ಕುಳಿತಿದ್ದೆ. ಕೋಪ ಬರಲಿಲ್ಲ. ಬಂದಿದ್ದರೆ ಸುಲಭವಿತ್ತು.

ಎರಡು ದಿನ ಕಳೆಯಿತು. ಆಮೇಲೆ ಇವನು, "ಕಾಗದ ಬಂದಿತ್ತು. ನೀವು ಓದಲಿಲ್ಲ" ಎಂದ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮದುವೆಯ ವಿಷಯ ಹೇಳಿದೆ. ನನ್ನನ್ನು ಕರೆದದ್ದನ್ನು ಮಾತ್ರ ಹೇಳಲಿಲ್ಲ. ಅವನು ತಟ್ಟೆ ತೊಳೆದಿಟ್ಟು, ಕೋಟು ಹಾಕಿಕೊಂಡು ಹೊರಗೆ ಹೋದ. ತಿರುಗಿ ಬಂದಾಗ ಮೂಗು ಕೆಂಪಾಗಿತ್ತು. ಚಳಿ ಇತ್ತು, ಚಳಿಗೆ ಎಂದುಕೊಂಡೆ.

ಅಲ್ಲಿಂದ ಮುಂದೆ ಮನೆಯಲ್ಲಿ ಬಾಳೆಯ ಮಾತೂ ನಿಂತಿತು. ಆದರೂ ಅವನು ಹುಲ್ಲಿನೊಳಗೆ ಕೈ ಹಾಕಿ ನೋಡುವುದನ್ನು ಬಿಡಲಿಲ್ಲ.

ಈ ತಿಂಗಳ ಮೊದಲ ವಾರ ಗೂಡು ಬಿಚ್ಚಿದೆವು. ಸಣ್ಣಕ್ಕನ ತುದಿ ಕೊಳೆತು ಲೋಳೆಯಾಗಿತ್ತು. ಇವನು ಬ್ರೆಡ್ ಕೊಯ್ಯುವ ಚಾಕು ತಂದು ನೀನು ಬರೆದಂತೆ ತೆಳ್ಳಗೆ ಕೊಯ್ಯುತ್ತ ಬಂದ. ಕಂದು ಬಣ್ಣ, ಮತ್ತೆ ಕಂದು, ಮತ್ತೆ ಕಂದು. ಎದೆಮಟ್ಟ ಇದ್ದವಳು ಸೊಂಟದ ಮಟ್ಟಕ್ಕೆ ಬಂದಳು, ಆಮೇಲೆ ಮೊಣಕಾಲಿಗೆ. "ಬಿಡು ಮಗಾ, ಸಾಕು. ಕಂದುಗಳಾದರೂ ಏಳಬಹುದು" ಎಂದೆ. "ಇನ್ನೊಂದು ಸಲ" ಎಂದು ಕೊಯ್ದ. ಆ ಸಲ ನಟ್ಟನಡುವೆ ಕಾಸಿನಗಲದ ಬಿಳಿ ಕಂಡಿತು.

ಮಾರನೆಯ ಬೆಳಿಗ್ಗೆ ಅವನೇ ನನ್ನನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದ. ನಾವು ಸಮನಾಗಿ ಕೊಯ್ದು ಬಿಟ್ಟಿದ್ದ ಕಾಂಡದ ನಡುವಿನಿಂದ ಆ ಬಿಳಿ ಸುಳಿ ಬೆರಳುದ್ದ ಮೇಲೆ ಬಂದಿತ್ತು. ಒಂದೇ ರಾತ್ರಿಯಲ್ಲಿ. ಮಿದ್ದಿಟ್ಟ ಹಿಟ್ಟು ಉಬ್ಬುವುದನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ, ಇದನ್ನು ನೋಡಿರಲಿಲ್ಲ. ಅವನು ಅದರ ತಲೆಯ ಮೇಲೆ ಬೆರಳಿಟ್ಟುಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನಿಸಿತು.

"ಅವಳು ನನ್ನನ್ನು ಸಾಕ್ಷಿಗೆ ಕರೆದಿದ್ದಾಳೆ ಕಣೋ. ಅವಳ ಕಡೆಯ ಹಿರಿಯ ಅಂತ."

ಅವನು ತಲೆ ಎತ್ತಲಿಲ್ಲ. "ಯಾವಾಗ ಕರೆದಿದ್ದು?"

"ಫೆಬ್ರವರಿಯಲ್ಲಿ."

"ಇನ್ನೂ ಉತ್ತರ ಬರೆದಿಲ್ವಾ?"

"ನಿನ್ನ ಮುಖ ನೋಡಿ ಬರೆಯಕ್ಕಾಗಲಿಲ್ಲ."

ಸುಳಿಯಿಂದ ಬೆರಳು ತೆಗೆದು, "ಪಾಪ, ಅಷ್ಟು ದಿನದಿಂದ ಕಾಯ್ತಾ ಇರ್ತಾಳೆ" ಎಂದ. ಆಮೇಲೆ ಎದ್ದು ಮಂಡಿಯ ಮಣ್ಣು ಒರೆಸಿಕೊಂಡ. "ಹೋಗಿ ಬನ್ನಿ ಅಪ್ಪ. ಅವಳಿಗೆ ಇನ್ಯಾರಿದ್ದಾರೆ."

"ನಿನಗೆ ಬೇಜಾರಿಲ್ವೇನೋ?"

"ಇದೆ. ಅದಕ್ಕೂ ನೀವು ಹೋಗೋದಕ್ಕೂ ಸಂಬಂಧ ಇಲ್ಲ."

ಮಗಳೇ, ಅವನು ನನ್ನ ಹತ್ತಿರ ಇಷ್ಟು ಮಾತಾಡಿದ್ದು ಅವರಮ್ಮ ಹೋದ ಮೇಲೆ ಇದೇ ಮೊದಲು.

ಬರುತ್ತೇನೆ. ನಿನ್ನ ಪಕ್ಕ ನಿಲ್ಲುತ್ತೇನೆ. ಆ ಲಿಫ್ಟಿನವರಿಗೆ ಹೇಳು, ನಾಲ್ಕನೆಯ ಮಹಡಿಗೆ ನಾನು ಮೆಟ್ಟಿಲು ಹತ್ತುವವನಲ್ಲ. ಆ ದಿನ ಲಿಫ್ಟ್ ಕೆಟ್ಟರೆ ಸಾಕ್ಷಿ ಹೇಳುವುದಿಲ್ಲ.

ನಿನ್ನ
ಮಾವ


ಮೇ 16

ಅಪ್ಪನ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ಅವರ ಮಾತ್ರೆಗಳು ಚೀಲದ ಹೊರಜೇಬಿನಲ್ಲಿವೆ, ರಾತ್ರಿ ಊಟದ ಮುಂಚಿನದು ಬಿಳಿಯದು. ಹೊಸ ಬೂಟು ಕಚ್ಚುತ್ತಿದೆ, ಒಪ್ಪಿಕೊಳ್ಳುವುದಿಲ್ಲ. ಕಚೇರಿಯಲ್ಲಿ ಕೂರಲು ಕುರ್ಚಿ ಇದೆಯೇ ಎಂದು ಮೊದಲೇ ನೋಡಿಡು. ಡಬ್ಬಿಯಲ್ಲಿರುವ ಬ್ರೆಡ್ಡು ಅವರೇ ಮಾಡಿದ್ದು. ನಿನ್ನೆ ಹಳೆಯ ಒಲೆ ಹೊತ್ತಿಸಿದರು. ಬೀದಿಯವರೆಲ್ಲ ಬೇಕರಿ ತೆರೆಯಿತೆಂದು ಬಂದುಬಿಟ್ಟರು.

ಒದ್ದೆ ಗೋಣಿಯಲ್ಲಿ ಸುತ್ತಿರುವುದು ಸಣ್ಣಕ್ಕನ ಒಂದು ಕಂದು. ಬೇರಿನ ಸಮೇತ ಬಿಡಿಸಿದ್ದೇನೆ. ನಿನ್ನ ಬಾಲ್ಕನಿಯಲ್ಲಿ ಜಾಗವಿಲ್ಲ ಎಂದು ನೀನೇ ಬರೆದಿದ್ದೆ, ಆದರೆ ಅಪ್ಪ ನಿನ್ನ ಹೊಸ ಕಾಗದ ಓದಿ ಹೇಳಿದರು, ಮದುವೆಯಾದ ಮೇಲೆ ನೀವು ಹೋಗುವ ಮನೆಗೆ ಹಿತ್ತಲಿದೆಯಂತೆ. ಗಾಳಿ ಬೀಸದ ಕಡೆ ನೆಡು, ಎಲೆ ಸೀಳುವುದು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಬೇಕು. ಮೊದಲ ಚಳಿಗಾಲ ಇದಕ್ಕೆ ಕಷ್ಟ, ಹುಲ್ಲು ದಪ್ಪಗೆ ತುಂಬಬೇಕು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ನಿನ್ನ ಮನೆಯವರಿಗೆ ತೋರಿಸಲು ಇರಲಿ ಎಂದು ಬರೆದೆ.

ಒಳ್ಳೆಯದಾಗಲಿ ಎಂದು ಬರೆದು ಹೊಡೆದುಹಾಕಿದೆ. ಮತ್ತೆ ಬರೆಯುತ್ತಿದ್ದೇನೆ. ಒಳ್ಳೆಯದಾಗಲಿ.

ಅಪ್ಪ ಎರಡೇ ದಿನಕ್ಕೆಂದು ಹೇಳಿ ಹೊರಟಿದ್ದಾರೆ. ಪೆಟ್ಟಿಗೆಯಲ್ಲಿ ನೋಡಿದರೆ ಎರಡು ವಾರಕ್ಕಾಗುವಷ್ಟು ಬಟ್ಟೆ ತುಂಬಿದ್ದಾರೆ. ನಾನು ನೋಡಿದೆನೆಂದು ಹೇಳಬೇಡ. ಅವರಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ. ಇಲ್ಲಿ ಗಿಡಗಳಿಗೆ ನೀರು ಹಾಕಲು ನಾನಿದ್ದೇನೆ.